ಕರಿ ಟ್ರಂಕಿನ ಮೇಲಿನ ಹೆಸರು: ಪುಣೆಯಲ್ಲಿ ನಾಲ್ಕು ದಿನ

ಆಗಸ್ಟ್ 14, ಗುರುವಾರ

ಹಾವೇರಿಯಿಂದ ಪುಣೆಗೆ ಸುಮಾರು 500 ಕಿಲೋಮೀಟರ್. ರಾತ್ರಿ ಬಸ್ ಹತ್ತಿದರೆ ಬೆಳಗಿಗೆ ಸ್ವಾರಗೇಟ್. ಅಕ್ಕನ ಮನೆಗೆಂದು ಈ ದಾರಿಯಲ್ಲಿ ಹತ್ತಾರು ಸಲ ಓಡಾಡಿದ್ದೇನೆ. ಧಾರವಾಡ ದಾಟುತ್ತಲೇ ನಿದ್ದೆ ಹೋಗಿ ಖಂಬಾಟಕಿ ಘಾಟಿನ ತಿರುವಿನಲ್ಲಿ ಏಳುವುದು ನನ್ನ ರೂಢಿ. ಈ ಸಲ ಪಕ್ಕದ ಸೀಟಿನಲ್ಲಿ ಸೋದರಮಾವ ಇದ್ದರು. ಬೆಳಗಾವಿ ಬಂದಾಗ ಎದ್ದು ಕುಳಿತು, ಕಿಟಕಿಯ ಮಂಜನ್ನು ಅಂಗೈಯಿಂದ ಒರೆಸಿ, ಊರಿನ ದೀಪಗಳು ಮರೆಯಾಗುವವರೆಗೆ ಹೊರಗೆ ನೋಡುತ್ತಿದ್ದರು. ಮರಾಠಾ ಲೈಟ್ ಇನ್ಫೆಂಟ್ರಿಯ ರೆಜಿಮೆಂಟ್ ಕೇಂದ್ರ ಇರುವುದು ಬೆಳಗಾವಿಯಲ್ಲಿ. ಹತ್ತೊಂಬತ್ತರ ವಯಸ್ಸಿನಲ್ಲಿ ಮಾಮ ಅಲ್ಲಿ ಸಿಪಾಯಿಯಾಗಿ ಸೇರಿ, ಕೊನೆಗೆ ಹವಾಲ್ದಾರರಾಗಿ ನಿವೃತ್ತರಾದರು. ಅವರ ಕೈಚೀಲದಲ್ಲಿ ಒಂದು ಸ್ಟೀಲ್ ಡಬ್ಬಿ, ಅದರೊಳಗೆ ಕರವಸ್ತ್ರದಲ್ಲಿ ಸುತ್ತಿದ ಪದಕಗಳು ಇದ್ದವು.

ಅವರು ಹೊರಟಿದ್ದು ವೈನಿಯವರನ್ನು ಕಾಣಲು. ವೈನಿ ಎಂದರೆ ಮಾಮನ ಜೊತೆಗೇ ಬೆಳಗಾವಿಯಲ್ಲಿ ಸೇರಿ, ಒಂದೇ ಬ್ಯಾರಕ್‌ನಲ್ಲಿ ಮಲಗಿ, 1987ರ ಅಕ್ಟೋಬರ್‌ನಲ್ಲಿ ಶ್ರೀಲಂಕಾದಲ್ಲಿ ಸತ್ತ ಗೆಳೆಯನ ಹೆಂಡತಿ. ಚಿಕ್ಕೋಡಿ ಕಡೆಯವರು, ಈಗ ಮಗನ ಜೊತೆ ಪುಣೆಯಲ್ಲಿದ್ದಾರೆ. ಸ್ವಾತಂತ್ರ್ಯ ದಿನಕ್ಕೆ ಒಮ್ಮೆ ಬಂದು ಹೋಗಿ ಎಂದು ಅವರು ಫೋನಿನಲ್ಲಿ ಕರೆದಿದ್ದರು.

ಅಕ್ಕನ ಮನೆ ದಾಪೋಡಿಯಲ್ಲಿದೆ. ರಾತ್ರಿ ಊಟಕ್ಕೆ ಕುಳಿತಾಗ ಒಂಬತ್ತನೆಯ ತರಗತಿಯ ಅಕ್ಕನ ಮಗಳು ನೋಟ್‌ಬುಕ್ ಹಿಡಿದು ಬಂದಳು. ನಾಳೆ ಶಾಲೆಯಲ್ಲಿ ಪರಮವೀರ ಚಕ್ರ ಪಡೆದವರ ಬಗ್ಗೆ ಅವಳ ಭಾಷಣವಿತ್ತು. “ಅಜ್ಜಾ, ನಮ್ಮ ಕಡೆಯವರು ಯಾರಾದರೂ ಇದ್ದಾರಾ?”

ಮಾಮ ಕೈಯಲ್ಲಿದ್ದ ರೊಟ್ಟಿಯನ್ನು ತಟ್ಟೆಯಲ್ಲಿಟ್ಟರು. ರಾಮಾ ರಾಘೋಬಾ ರಾಣೆ ಎಂದರು. ತಂದೆ ಪೊಲೀಸ್ ಪೇದೆ, ಅವರ ಊರು ಕಾರವಾರದ ಚೆಂಡಿಯಾ. ರಾಣೆಯವರು 1918ರಲ್ಲಿ ಹುಟ್ಟಿದ್ದು ನಮ್ಮ ಹಾವೇರಿಯಲ್ಲಿ ಎಂದೇ ಅವರ ಜೀವನ ಬರೆದವರು ಹೇಳುತ್ತಾರೆ. ನನಗೆ ಎದೆಯಲ್ಲಿ ಏನೋ ಚುಚ್ಚಿದಂತಾಯಿತು. ಹಾವೇರಿಯವರಿಗೆ ಹುತಾತ್ಮ ಎಂದರೆ ಮೈಲಾರ ಮಹದೇವಪ್ಪ. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಗುಂಡಿಗೆ ಎದೆಯೊಡ್ಡಿದವರು. ನಮ್ಮ ರೈಲು ನಿಲ್ದಾಣಕ್ಕೂ ಅವರದೇ ಹೆಸರು. ಅದು ಹೆಮ್ಮೆಯ ಮಾತೇ. ಆದರೆ ಐವತ್ತು ವರ್ಷ ಆ ಊರಿನಲ್ಲಿ ಬದುಕಿದ ನನಗೆ ರಾಣೆಯವರ ಹೆಸರನ್ನು ಪುಣೆಯ ಊಟದ ಮನೆಯಲ್ಲಿ ಕೇಳಬೇಕಾಯಿತು.

1948ರ ಏಪ್ರಿಲ್ 8. ಜಮ್ಮು-ಕಾಶ್ಮೀರದ ನೌಶೇರಾದಿಂದ ರಾಜೌರಿಯ ಕಡೆಗೆ ಸೇನೆ ಮುಂದುವರಿಯಬೇಕು. ದಾರಿಯುದ್ದಕ್ಕೂ ನೆಲಬಾಂಬು, ಕಡಿದು ಕೆಡವಿದ ಮರಗಳು. ಸೇನೆಯ ಎಂಜಿನಿಯರ್ ಪಡೆಯಾದ ಬಾಂಬೆ ಸ್ಯಾಪರ್ಸ್‌ನ ರಾಣೆಯವರು ತಮ್ಮ ತುಕಡಿಯೊಂದಿಗೆ ಬಾಂಬು ತೆಗೆಯಲು ಇಳಿದಾಗಲೇ ಶತ್ರುವಿನ ಮೋರ್ಟಾರ್ ಗುಂಡು ಬಿತ್ತು. ಇಬ್ಬರು ಸತ್ತರು, ಐವರಿಗೆ ಗಾಯ. ಆ ಐವರಲ್ಲಿ ರಾಣೆಯೂ ಒಬ್ಬರು. ಗಾಯಕ್ಕೆ ಪಟ್ಟಿ ಕಟ್ಟಿಸಿಕೊಂಡು ಮತ್ತೆ ಕೆಲಸಕ್ಕಿಳಿದರು. ಮುಂದಿನ ಟ್ಯಾಂಕಿನ ಜೊತೆಜೊತೆಗೆ ತೆವಳುತ್ತ, ಹಗ್ಗ ಜಗ್ಗಿ ಚಾಲಕನಿಗೆ ಎಡ ಬಲ ತಿಳಿಸಿದರು. ಹೀಗೆ ಮೂರು ದಿನ. ಪರಮವೀರ ಚಕ್ರವನ್ನು ಬದುಕಿದ್ದು ಪಡೆದ ಕೆಲವೇ ಕೆಲವರಲ್ಲಿ ಅವರೊಬ್ಬರು. 1994ರ ಜುಲೈ 11ರಂದು ತೀರಿಕೊಂಡದ್ದು ಇದೇ ಪುಣೆಯಲ್ಲಿ.

ಹುಡುಗಿ ಬರೆದುಕೊಂಡಳು. ಮಾಮ ಅವಳ ನೋಟ್‌ಬುಕ್ ನೋಡಿ, “ಆ ಇಬ್ಬರನ್ನೂ ಸೇರಿಸು” ಎಂದರು.

“ಅವರ ಹೆಸರು ನಮ್ಮ ಪುಸ್ತಕದಲ್ಲಿಲ್ಲ ಅಜ್ಜಾ.”

“ಅದಕ್ಕೇ ಹೇಳಬೇಕು. ಹೆಸರಿಲ್ಲದಿದ್ದರೆ ಇಬ್ಬರು ಎಂದಾದರೂ ಹೇಳು.”

ಅವಳು ಪೆನ್ಸಿಲ್‌ನಿಂದ ಅಂಚಿನಲ್ಲಿ ಒಂದು ಸಾಲು ಸೇರಿಸಿದಳು.

ಆಗಸ್ಟ್ 15, ಶುಕ್ರವಾರ

ಬೆಳಗ್ಗೆ ಅಪಾರ್ಟ್‌ಮೆಂಟಿನ ಅಂಗಳದಲ್ಲಿ ಧ್ವಜಾರೋಹಣ, ಜಿಲೇಬಿ, ಹಾಡು. ಹುಡುಗಿ ಮೊದಲೇ ಶಾಲೆಗೆ ಹೋಗಿದ್ದಳು. ಮಾಮ ಬಿಳಿ ಅಂಗಿಯ ಮೇಲೆ ಕಪ್ಪು ಕೋಟು ಹಾಕಿಕೊಂಡು, ಕನ್ನಡಿಯ ಮುಂದೆ ನಿಂತು ಪದಕಗಳನ್ನು ಎಡ ಎದೆಯ ಮೇಲೆ ಸಿಕ್ಕಿಸಿಕೊಂಡರು. ಪಿನ್ನು ಎರಡು ಸಲ ಜಾರಿತು. ನಾನು ಸಹಾಯಕ್ಕೆ ಹೋದರೆ ಬೇಡ ಎಂದು ಕೈ ಮಾಡಿದರು.

ಕ್ಯಾಂಟೋನ್ಮೆಂಟಿನಲ್ಲಿರುವ ದಕ್ಷಿಣ ಕಮಾಂಡ್‌ನ ರಾಷ್ಟ್ರೀಯ ಯುದ್ಧ ಸ್ಮಾರಕಕ್ಕೆ ಆಟೋ ಹಿಡಿದೆವು. ಇದು ಜನಸಾಮಾನ್ಯರ ದೇಣಿಗೆಯಿಂದ ಎದ್ದ ಸ್ಮಾರಕ. 1998ರ ಆಗಸ್ಟ್ 15ರಂದು ಲೋಕಾರ್ಪಣೆಯಾಯಿತು. ಸರ್ಕಾರ ಕಟ್ಟಲಿ ಎಂದು ಕಾಯದೆ ಪುಣೆಯ ಜನ ತಮ್ಮ ಜೇಬಿನಿಂದ ತೆಗೆದುಕೊಟ್ಟರು ಎಂಬುದು ನನಗೆ ಆ ಕಲ್ಲಿಗಿಂತ ದೊಡ್ಡದಾಗಿ ಕಂಡಿತು. ಬೆಳಗಿನ ಗೌರವ ಮುಗಿದಿತ್ತು. ಸ್ತಂಭದ ಬುಡದಲ್ಲಿ ಪುಷ್ಪಚಕ್ರಗಳು ಮಳೆಯಲ್ಲಿ ತೊಯ್ಯುತ್ತಿದ್ದವು. ಕುಟುಂಬಗಳು ಮಿಗ್ ವಿಮಾನದ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಿದ್ದವು. ಅದು ತಪ್ಪೆಂದು ನನಗನಿಸಲಿಲ್ಲ. ಮಕ್ಕಳು ಮೊದಲು ವಿಮಾನ ನೋಡಲಿ. ಕಲ್ಲಿನ ಹತ್ತಿರ ಆಮೇಲೆ ಬಂದಾರು.

ಅಲ್ಲಿ ಐಎನ್‌ಎಸ್ ತ್ರಿಶೂಲ್ ಹಡಗಿನ ಮಾದರಿಯೂ ಇದೆ. ಅದನ್ನು ಕಂಡಾಗ ನನಗೆ ಕಾರವಾರದ ಕಡಲು ನೆನಪಾಯಿತು. 1961ರ ಡಿಸೆಂಬರ್ 18ರಂದು ಗೋವಾ ವಿಮೋಚನೆಯ ಕಾರ್ಯಾಚರಣೆಯಲ್ಲಿ ಕಾರವಾರದ ಎದುರಿನ ಅಂಜದೀವ್ ದ್ವೀಪಕ್ಕೆ ನಾವಿಕರನ್ನು ಇಳಿಸಿದ್ದು ಇದೇ ತ್ರಿಶೂಲ್ ಮತ್ತು ಐಎನ್‌ಎಸ್ ಮೈಸೂರ್. ಅಲ್ಲಿ ಏಳು ಮಂದಿ ಸತ್ತರು. ಬೀಚಿನಿಂದ ನಾವು ಹಸಿರು ಗುಡ್ಡದಂತೆ ನೋಡಿ ಬರುವ ಆ ದ್ವೀಪಕ್ಕೆ ಏಳು ಜೀವಗಳ ಲೆಕ್ಕವಿದೆ.

ಮಾಮ ಸ್ತಂಭದ ಮುಂದೆ ಕೊಡೆ ಮಡಚಿ ನೆಲದ ಮೇಲಿಟ್ಟರು. ಮಳೆ ಸುರಿಯುತ್ತಲೇ ಇತ್ತು. ಎಷ್ಟು ಹೊತ್ತು ನಿಂತರೋ ನಾನು ಎಣಿಸಲಿಲ್ಲ. ಕೊಡೆ ಎತ್ತಿಕೊಂಡು ವಾಪಸು ಬಂದಾಗ ಮಾತಾಡಿದ್ದು ಒಂದೇ: “ನಡಿ ಅವ್ವಾ, ವೈನಿ ಕಾಯುತ್ತಾರೆ.”

ವಿಶ್ರಾಂತವಾಡಿಯ ಒಂದು ಗಲ್ಲಿಯಲ್ಲಿ, ಮೂರನೆಯ ಮಹಡಿಯಲ್ಲಿ ಎರಡು ಕೋಣೆಯ ಮನೆ. ವೈನಿ ಬಾಗಿಲಲ್ಲೇ ನಿಂತಿದ್ದರು. ಬಲಗೈ ಮಣಿಕಟ್ಟಿಗೆ ಪಟ್ಟಿ. ಜೂನ್‌ನ ಮಳೆಯಲ್ಲಿ ಜಾರಿ ಬಿದ್ದು ಎಲುಬು ಮುರಿದಿತ್ತು. “ಹೆಂಗದೀರಿ ವೈನಿ” ಎಂದು ಮಾಮ ಕೇಳಿದ್ದಷ್ಟೇ, ಇಬ್ಬರ ಕಣ್ಣಲ್ಲೂ ನೀರು. ಹನ್ನೊಂದು ವರ್ಷದ ಮೇಲಿನ ಭೇಟಿ.

ಒಳಗೆ ಗೋಡೆಗೆ ಒತ್ತಿ ಕರಿ ಟ್ರಂಕೊಂದಿತ್ತು. ಸೇನೆಯವರ ತಗಡಿನ ಟ್ರಂಕು. ಮುಚ್ಚಳದ ಮೇಲೆ ಬಿಳಿ ಅಕ್ಷರಗಳಲ್ಲಿ ನಂಬರು, ಹುದ್ದೆ, ಹೆಸರು. ಆಗೆಲ್ಲ ದೇಹ ಮನೆಗೆ ಬರುತ್ತಿರಲಿಲ್ಲ. ಬಿದ್ದಲ್ಲೇ ದಹನ, ಊರಿಗೆ ಬರುತ್ತಿದ್ದುದು ಅಸ್ಥಿ ಮತ್ತು ಸಾಮಾನು. ಮೃತ ಯೋಧನ ಶರೀರವನ್ನು ಧ್ವಜದಲ್ಲಿ ಸುತ್ತಿ ಊರೂರಿಗೆ ತಲುಪಿಸುವುದನ್ನು ನಾವು ವ್ಯಾಪಕವಾಗಿ ಕಂಡದ್ದು 1999ರ ಕಾರ್ಗಿಲ್ ಯುದ್ಧದಿಂದ ಈಚೆಗೆ. ಗಂಡ ಸತ್ತಾಗ ವೈನಿಗೆ ಇಪ್ಪತ್ತು ವರ್ಷ, ಹೊಟ್ಟೆಯಲ್ಲಿ ಮಗು. ಅವರ ಪಾಲಿಗೆ ಗಂಡ ಮನೆಗೆ ಬಂದದ್ದು ಈ ಟ್ರಂಕಿನ ರೂಪದಲ್ಲಿ.

ಶ್ರೀಲಂಕಾಕ್ಕೆ ಹೋದ ನಮ್ಮ ಶಾಂತಿಪಾಲನಾ ಪಡೆ 1987ರಿಂದ 1990ರವರೆಗೆ ಅಲ್ಲಿತ್ತು. ಸಾವಿರಕ್ಕೂ ಹೆಚ್ಚು ಯೋಧರು ತೀರಿಕೊಂಡರು. ಮುಂಬೈಯಲ್ಲಿ ಹುಟ್ಟಿದ ಮೇಜರ್ ರಾಮಸ್ವಾಮಿ ಪರಮೇಶ್ವರನ್ ಅವರಿಗೆ ಅಲ್ಲಿನ ಹೋರಾಟಕ್ಕಾಗಿ ಮರಣೋತ್ತರ ಪರಮವೀರ ಚಕ್ರ ಬಂತು. ಆದರೂ ಅದು ನಮ್ಮ ಜನರ ಬಾಯಲ್ಲಿ ಉಳಿಯದ ಯುದ್ಧ. 1971 ಎಂದರೆ ಹಳ್ಳಿಯ ಮುದುಕಿಗೂ ಗೊತ್ತು, ಕಾರ್ಗಿಲ್ ಎಂದರೆ ಮಗುವಿಗೂ ಗೊತ್ತು. ಜಾಫ್ನಾದಲ್ಲಿ ಗಂಡ ಸತ್ತ ಎಂದರೆ, “ಅಲ್ಲಿ ಏನಾಗಿತ್ತು?” ಎಂದು ಕೇಳುವವರನ್ನೇ ವೈನಿ ಕಂಡಿದ್ದು ಹೆಚ್ಚು. ಗೆದ್ದ ಯುದ್ಧದಲ್ಲಿ ಸತ್ತವನಿಗೂ ಗೊಂದಲದ ಯುದ್ಧದಲ್ಲಿ ಸತ್ತವನಿಗೂ ನಾವು ಬೇರೆ ಬೇರೆ ತಕ್ಕಡಿ ಹಿಡಿಯುತ್ತೇವೆ. ಇದು ಅನ್ಯಾಯ. ಹೋಗು ಎಂದ ಕಡೆಗೆ ಅವನು ಹೋದ, ಅಷ್ಟೇ.

ಮಗ ಮೊಬೈಲ್ ತಂದ. 2019ರಲ್ಲಿ ದಿಲ್ಲಿಯಲ್ಲಿ ರಾಷ್ಟ್ರೀಯ ಯುದ್ಧ ಸ್ಮಾರಕ ತೆರೆದ ಮೇಲೆ ಕಂಪನಿಯ ಕೆಲಸಕ್ಕೆ ಹೋದವನು ತ್ಯಾಗ ಚಕ್ರದ ಗೋಡೆಗಳಲ್ಲಿ ಹುಡುಕಿ ತಂದೆಯ ಹೆಸರಿನ ಫೋಟೊ ತೆಗೆದುಕೊಂಡು ಬಂದಿದ್ದ. ಸ್ವಾತಂತ್ರ್ಯಾನಂತರ ಪ್ರಾಣ ಕೊಟ್ಟ 25 ಸಾವಿರಕ್ಕೂ ಹೆಚ್ಚು ಯೋಧರ ಹೆಸರುಗಳಿರುವ ಜಾಗ ಅದು. ವೈನಿ ಎಡಗೈ ಬೆರಳಿನಿಂದ ಆ ಹೆಸರನ್ನು ಮುಟ್ಟಲು ಹೋದರು. ಮುಟ್ಟಿದೊಡನೆ ಚಿತ್ರ ಜಾರಿ ಮುಂದಿನದಕ್ಕೆ ಹೋಯಿತು. ಮಗ ಮತ್ತೆ ತಂದುಕೊಟ್ಟ. ಮತ್ತೆ ಜಾರಿತು. ಅವರು ಕೈ ಹಿಂದಕ್ಕೆ ತೆಗೆದುಕೊಂಡು ಟ್ರಂಕಿನ ಮೇಲೆ ಇಟ್ಟರು.

ಆಗ ಗೊತ್ತಾಯಿತು: ಪ್ರತಿ ವರ್ಷ ಆಗಸ್ಟ್ 15ರ ಮುಂಚೆ ವೈನಿ ಆ ಅಕ್ಷರಗಳಿಗೆ ಬಿಳಿ ಬಣ್ಣ ಬಳಿಯುತ್ತಾರೆ. ಓದಿದ್ದು ಕನ್ನಡ ನಾಲ್ಕನೆಯ ತರಗತಿ. ಇಂಗ್ಲಿಷ್‌ನಲ್ಲಿ ಅವರಿಗೆ ಬರುವುದು ಈ ಒಂದು ಹೆಸರು ಮಾತ್ರ; ಅದೂ ಕುಂಚ ಆಡಿಸಿ ಆಡಿಸಿ ಕಲಿತದ್ದು. ಒಮ್ಮೆ ಒಂದು ಕಚೇರಿಯಲ್ಲಿ ಅವರ ಅರ್ಜಿ ವಾಪಸು ಬಂತು. ದಾಖಲೆಗಿಂತ ಅವರು ಬರೆದ ಹೆಸರಿನಲ್ಲಿ ಒಂದು ಅಕ್ಷರ ಕಡಿಮೆ ಇತ್ತು. ಟ್ರಂಕಿನ ಮೇಲೆ ಇದ್ದಂತೆಯೇ ಬರೆದಿದ್ದರು.

“ಈ ವರ್ಷ ಕೈ ನಡೆಯಲಿಲ್ಲ” ಎಂದು ಮಾಮನ ಕಡೆ ನೋಡಿದರು. “ಮಗನಿಗೆ ಹೇಳಬಹುದಿತ್ತು. ಆದರೆ ಅವರ ಅಕ್ಷರ ಕಂಡವರು ನೀವು.”

ಡಬ್ಬಿಯಲ್ಲಿದ್ದ ಬಣ್ಣ ಗಟ್ಟಿಯಾಗಿ ಹೋಗಿತ್ತು. ರಜೆಯ ದಿನ, ಓಣಿಯ ಹಾರ್ಡ್‌ವೇರ್ ಅಂಗಡಿ ಮುಚ್ಚಿತ್ತು. ರವಿವಾರ ಬರುತ್ತೇನೆ ಎಂದು ಮಾಮ ಮಾತು ಕೊಟ್ಟರು.

ವೈನಿಯ ಗಂಡನ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಬರೆಯಲೇ ಎಂದು ವೈನಿಯವರನ್ನು ಕೇಳಿದ್ದೆ. “ಟ್ರಂಕಿನ ಮೇಲಿದೆ, ದಿಲ್ಲಿಯಲ್ಲಿದೆ. ಅಷ್ಟು ಸಾಕು” ಎಂದರು.

ಆಗಸ್ಟ್ 16, ಶನಿವಾರ

ಊರೆಲ್ಲ ಕೃಷ್ಣಾಷ್ಟಮಿಯ ದಹಿ ಹಂಡಿಯ ಗದ್ದಲ. ನಾವು ಖಡಕಿಗೆ ಹೋದೆವು. ಮೆಟ್ರೊ ಇಳಿದು ಆಟೋದಲ್ಲಿ ಮುಳಾ ರಸ್ತೆಯ ಯುದ್ಧ ಸಮಾಧಿ ತೋಟ. ಗೇಟಿನೊಳಗೆ ಕಾಲಿಟ್ಟರೆ ಹಸಿರು ಹುಲ್ಲು, ಸಾಲುಸಾಲು ಕಲ್ಲುಗಳು, ಮಧ್ಯೆ ಎತ್ತರದ ಶಿಲುಬೆ. ಹೊರಗಿನ ಧ್ವನಿವರ್ಧಕದ ಸದ್ದು ದೂರದ ಗುಡುಗಿನಂತಾಯಿತು.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಸತ್ತ 1,600ಕ್ಕೂ ಹೆಚ್ಚು ಕಾಮನ್‌ವೆಲ್ತ್ ಸೈನಿಕರು ಇಲ್ಲಿದ್ದಾರೆ. ಎಲ್ಲರೂ ಪುಣೆಯಲ್ಲಿ ಸತ್ತವರಲ್ಲ. ಪಶ್ಚಿಮ ಮತ್ತು ಮಧ್ಯ ಭಾರತದ ಯಾವ ಯಾವ ಊರುಗಳಲ್ಲಿ ಸಮಾಧಿಗಳನ್ನು ಮುಂದೆ ನೋಡಿಕೊಳ್ಳುವುದು ಸಾಧ್ಯವಿಲ್ಲ ಎನಿಸಿತೋ ಅಲ್ಲಿಂದೆಲ್ಲ ತಂದು ಇಲ್ಲಿ ಸೇರಿಸಿದರು. ಮೊದಲನೆಯ ಮಹಾಯುದ್ಧದವರ ಸ್ಮಾರಕವೂ ಇಲ್ಲೇ ಇದೆ, ಅದರಲ್ಲಿ 1,800ಕ್ಕೂ ಹೆಚ್ಚು ಹೆಸರುಗಳು. ಅವರಲ್ಲಿ 629 ಮಂದಿಯ ಅವಶೇಷಗಳನ್ನು 1962ರಲ್ಲಿ ಮುಂಬೈಯ ಶಿವಡಿ ಸ್ಮಶಾನದಿಂದ ಇಲ್ಲಿಗೆ ತಂದರು. ಸತ್ತು ನಲವತ್ತು ವರ್ಷ ದಾಟಿದ ಮೇಲೂ ಇವರನ್ನು ನೋಡುವವರು ಯಾರು ಎಂದು ಒಬ್ಬರು ಯೋಚಿಸಿದ್ದರು. ಆಫ್ರಿಕಾದ ಪೂರ್ವ, ಪಶ್ಚಿಮ ದೇಶಗಳಿಂದ ಬಂದು ಈ ನೆಲದಲ್ಲಿ ಸತ್ತ ಸೈನಿಕರ ಸ್ಮಾರಕವನ್ನು ಕಂಡಾಗ ನಾನು ಅಲ್ಲೇ ನಿಂತೆ. ಯಾರದೋ ಯುದ್ಧ, ಯಾವುದೋ ಕಡಲಾಚೆಯ ಊರು, ಕೊನೆಗೆ ಖಡಕಿಯ ಮಣ್ಣು.

ಈ ತೋಟದಲ್ಲಿ ಮೇಲಧಿಕಾರಿಗೆ ದೊಡ್ಡ ಕಲ್ಲು, ಸಿಪಾಯಿಗೆ ಸಣ್ಣದು ಎಂಬುದಿಲ್ಲ. ಸಾವಿನ ನಂತರ ಹುದ್ದೆ ನೋಡದೆ ಒಂದೇ ಅಳತೆ. ನಮ್ಮೂರಿನ ಸ್ಮಶಾನಗಳಿಗೂ ಈ ಬುದ್ಧಿ ಬರಲಿ ಎಂದುಕೊಂಡೆ.

“ಮನಸ್ಸಿನಲ್ಲಿ ಓದಬೇಡ, ಬಾಯಿಬಿಟ್ಟು ಓದು” ಎಂದರು ಮಾಮ. ಒಂದು ಸಾಲಿನ ಹೆಸರುಗಳನ್ನು ನಾನು, ಮುಂದಿನ ಸಾಲಿನದನ್ನು ಅವರು. ನಮ್ಮ ನಾಲಿಗೆಗೆ ಹೊರಳದ ಹೆಸರುಗಳು. ಹುದ್ದೆ, ವಯಸ್ಸು. ಇಪ್ಪತ್ತೊಂದು. ಹತ್ತೊಂಬತ್ತು. ಇಪ್ಪತ್ತಮೂರು. ಕೆಲವು ಕಲ್ಲುಗಳ ಕೆಳಗೆ ಮನೆಯವರು ಬರೆಸಿದ ಒಂದೊಂದು ಸಾಲು. ಆ ಸಾಲು ಬರೆಸಿದ ತಾಯಂದಿರಲ್ಲಿ ಎಷ್ಟು ಜನರಿಗೆ ಈ ಕಲ್ಲನ್ನು ಕಣ್ಣಾರೆ ನೋಡುವ ಭಾಗ್ಯ ಸಿಕ್ಕಿತ್ತು?

ತೋಟದ ಮಾಲಿಯೊಬ್ಬರು ಮೂರನೆಯ ಸಾಲಿನಲ್ಲಿ ಕುಕ್ಕರುಗಾಲಿನಲ್ಲಿ ಕೂತು ಕೆಲಸ ಮಾಡುತ್ತಿದ್ದರು. ಮೊದಲು ಕುರ್ಪಿಯಿಂದ ಕಲ್ಲಿನ ಬುಡದ ಹುಲ್ಲನ್ನು ಗೆರೆ ಎಳೆದಂತೆ ಕತ್ತರಿಸಿದರು. ಆಮೇಲೆ ಬಕೆಟ್ಟಿನಲ್ಲಿ ಮೆತ್ತನೆಯ ಬ್ರಷ್ ಅದ್ದಿ, ಅಕ್ಷರಗಳ ಹಳ್ಳದಲ್ಲಿ ಕೂತ ಪಾಚಿಯನ್ನು ಮೇಲಿನಿಂದ ಕೆಳಗೆ ತೊಳೆದರು. ಒರಟು ಬ್ರಷ್ ಯಾಕೆ ಬೇಡ ಎಂದು ಮಾಮ ಮರಾಠಿಯಲ್ಲಿ ಕೇಳಿದರು. ಉಜ್ಜಿದರೆ ಪಾಚಿಯ ಜೊತೆ ಅಕ್ಷರವೂ ಸವೆಯುತ್ತದೆ ಎಂದು ಅವರು ಉತ್ತರಿಸಿದರು. ಮಳೆಗಾಲದಲ್ಲಿ ಕೊನೆಯ ಸಾಲು ಮುಗಿಯುವಷ್ಟರಲ್ಲಿ ಮೊದಲ ಸಾಲು ಮತ್ತೆ ಹಸಿರಾಗುತ್ತದಂತೆ. ಬೇಸರವಿಲ್ಲದೆ ಹೇಳಿದರು, ಮುಂದಿನ ಕಲ್ಲಿಗೆ ಸರಿದರು.

ಮಾಮ ಬಹಳ ಹೊತ್ತು ಆ ಕೈಗಳನ್ನೇ ನೋಡಿದರು. “ನಮ್ಮವರಲ್ಲಿ ಸುಡುತ್ತೇವೆ. ತೊಳೆಯುವುದಕ್ಕೆ ಕಲ್ಲೂ ಇಲ್ಲ” ಎಂದರು ದಾರಿಯಲ್ಲಿ.

ವಾಪಸಾಗುವಾಗ ಬಾಂಬೆ ಸ್ಯಾಪರ್ಸ್ ಕೇಂದ್ರದ ರಸ್ತೆಯಲ್ಲಿ ಆಟೋ ನಿಧಾನ ಮಾಡಿಸಿದೆವು. 1940ರಲ್ಲಿ ಇಪ್ಪತ್ತೆರಡರ ರಾಣೆ ಸಿಪಾಯಿಯಾಗಿ ಸೇರಿದ್ದು ಈ ಪಡೆಗೆ. 2023ರಲ್ಲಿ ಅಂಡಮಾನಿನ 21 ದ್ವೀಪಗಳಿಗೆ ಪರಮವೀರ ಚಕ್ರ ಪಡೆದವರ ಹೆಸರಿಟ್ಟಾಗ ಒಂದು ಅವರದಾಯಿತು. ಹಾವೇರಿಯಲ್ಲಿ ಒಂದು ಓಣಿಗಾದರೂ ಆ ಹೆಸರು ಬರಬೇಕು. ಊರಿಗೆ ಹೋದ ಮೇಲೆ ನಗರಸಭೆಗೆ ಅರ್ಜಿ ಬರೆಯುವುದೆಂದು ನಿಶ್ಚಯಿಸಿದೆ.

ಅಂಗಡಿಯಲ್ಲಿ ಬಿಳಿ ಎನಾಮೆಲ್ ಬಣ್ಣದ ಸಣ್ಣ ಡಬ್ಬಿ, ಎರಡು ಕುಂಚ, ಟರ್ಪೆಂಟೈನ್, ಒಂದು ಹಾಳೆ ಸ್ಯಾಂಡ್‌ಪೇಪರ್ ಕೊಂಡೆವು.

ಆಗಸ್ಟ್ 17, ರವಿವಾರ

ಸಂಜೆಗೆ ಬಸ್ ಇತ್ತು, ಬೆಳಗ್ಗೆಯೇ ವೈನಿಯ ಮನೆ ಸೇರಿದೆವು. ಟ್ರಂಕನ್ನು ಕಿಟಕಿಯ ಬೆಳಕಿಗೆ ಎಳೆದು, ಕೆಳಗೆ ಹಳೆಯ ಪತ್ರಿಕೆ ಹಾಸಿದೆವು. ಅಕ್ಷರಗಳ ಮೇಲೆ ಬೆರಳಾಡಿಸಿದೆ. ಮೂವತ್ತೆಂಟು ವರ್ಷಗಳ ಬಣ್ಣ ಪದರ ಪದರವಾಗಿ ಏರಿ, ಹೆಸರು ತಗಡಿನಿಂದ ಮೇಲಕ್ಕೆ ಎದ್ದಿತ್ತು. ಕಣ್ಣು ಮುಚ್ಚಿಯೂ ಓದಬಹುದು. ಅಂಚುಗಳಲ್ಲಿ ಅಲ್ಲಲ್ಲಿ ಸಿಪ್ಪೆ ಎದ್ದಿತ್ತು.

ಮಾಮ ಸ್ಯಾಂಡ್‌ಪೇಪರ್ ಹರಿದು ಮಡಚಿಕೊಂಡರು. ಹಳೆಯದನ್ನು ಉಜ್ಜಿ ತೆಗೆದರೆ ಹೊಸ ಬಣ್ಣ ಚೆನ್ನಾಗಿ ಕೂರುತ್ತದೆ ಎಂದರು.

ವೈನಿ ಅಡುಗೆಮನೆಯಿಂದ ಓಡಿ ಬಂದು ಟ್ರಂಕಿಗೆ ಕೈ ಅಡ್ಡ ಹಿಡಿದರು. “ಉಜ್ಜಬೇಡಿ. ಎಲ್ಲಕ್ಕಿಂತ ಕೆಳಗೆ ಅವರು ಬರೆದದ್ದಿದೆ.”

ಮಾಮ ಹಾಗೇ ಕೂತರು. ಆಮೇಲೆ ಮೆಲ್ಲಗೆ ಹೇಳಿದರು. ಬೆಳಗಾವಿಯ ಬ್ಯಾರಕ್ ಮುಂದೆ, ಒಂದು ರವಿವಾರ, ಒಂದೇ ಡಬ್ಬಿಯ ಬಣ್ಣದಲ್ಲಿ ಇಬ್ಬರೂ ತಮ್ಮ ತಮ್ಮ ಟ್ರಂಕಿನ ಮೇಲೆ ಹೆಸರು ಬರೆದುಕೊಂಡಿದ್ದರಂತೆ. ಗೆಳೆಯನ ಹೆಸರಿನಲ್ಲಿ ಒಂದು ಅಕ್ಷರ ಬಿಟ್ಟುಹೋಗಿತ್ತು. ಜಾಗ ಸಾಲದೆ ಹಾಗೇ ಬಿಟ್ಟ. “ನನ್ನ ಟ್ರಂಕು ತುಕ್ಕು ಹಿಡಿಯಿತು ಎಂದು ಗುಜರಿಗೆ ಹಾಕಿದೆ ವೈನಿ” ಎಂದರು. ಮುಂದೆ ಮಾತು ಬರಲಿಲ್ಲ.

ಸ್ಯಾಂಡ್‌ಪೇಪರ್ ಚೀಲಕ್ಕೆ ಹೋಯಿತು. ಒದ್ದೆ ಬಟ್ಟೆಯಿಂದ ಧೂಳು ಒರೆಸಿ, ಒಣ ಬಟ್ಟೆಯಿಂದ ಒತ್ತಿ, ಸಣ್ಣ ಕುಂಚ ಹಿಡಿದರು. ವೈನಿ ಪಕ್ಕದಲ್ಲಿ ಕೂತು ಎಡಗೈ ಬೆರಳಿನಿಂದ ಗಾಳಿಯಲ್ಲೇ ದಾರಿ ತೋರಿಸಿದರು. ಇಲ್ಲಿ ಕೆಳಗೆ ಬಾ, ಇಲ್ಲಿ ತಿರುಗು, ಇದರ ಹೊಟ್ಟೆ ಇಷ್ಟು ದಪ್ಪ ಬೇಡ. ನಂಬರು ಮುಗಿಯಿತು, ಹುದ್ದೆ ಮುಗಿಯಿತು. ಬಿಟ್ಟುಹೋದ ಅಕ್ಷರದ ಜಾಗ ಬಂದಾಗ ಮಾಮ ಕುಂಚ ಎತ್ತಿ ಅವರ ಮುಖ ನೋಡಿದರು. ವೈನಿ ಬೇಡ ಎಂದು ತಲೆಯಾಡಿಸಿದರು.

ಕೊನೆಯ ಅಕ್ಷರ ಮುಗಿದಾಗ ಹನ್ನೆರಡು ಗಂಟೆ. ಹೊರಗೆ ಮತ್ತೆ ಮಳೆ ಹಿಡಿದಿತ್ತು. ಎಂಟು ವರ್ಷದ ಮೊಮ್ಮಗ ಅಜ್ಜನ ಹೆಸರು ಮುಟ್ಟಲು ಬೆರಳು ಚಾಚಿಕೊಂಡು ಬಂದ. ಈ ಹವೆಗೆ ಒಣಗಲು ಎರಡು ದಿನ ಬೇಕು, ಬುಧವಾರ ಮುಟ್ಟುವಿಯಂತೆ ಎಂದು ವೈನಿ ಅವನನ್ನು ಮಡಿಲಿಗೆ ಎಳೆದುಕೊಂಡರು.